ಲೆಕ್ಕಕ್ಕೆ ಮಾತ್ರ ಇದ್ದವನ ಜಾಡಿನಲ್ಲಿ

ಸೋಮವಾರ, ಆಕ್ರಿಂಗ್ಟನ್

ಮ್ಯಾಂಚೆಸ್ಟರಿನಲ್ಲಿ ಕೆಲಸದಲ್ಲಿರುವ ನನ್ನ ಸೋದರಳಿಯನಿಗೆ ನಾನು ಬರೆದುಕೊಂಡು ಬಂದ ಊರುಗಳ ಪಟ್ಟಿ ನೋಡಿ ನಗು ತಡೆಯಲಾಗಲಿಲ್ಲ. "ಮಾಮ, ಬಂದವರೆಲ್ಲ ಸ್ಕಾಟ್ಲೆಂಡ್ ನೋಡ್ತಾರೆ, ಲೇಕ್ ಡಿಸ್ಟ್ರಿಕ್ಟ್ ನೋಡ್ತಾರೆ. ನಿಮ್ಮದು ಮುಚ್ಚಿದ ಮಿಲ್ಲು, ಹಳೇ ಕಡತ, ಆಮೇಲೆ ಬರೀ ಸಮಾಧಿ!" ಹಾಗೆಂದರೂ ರಜೆ ಹಾಕಿ ಜೊತೆಗೆ ಹೊರಟ. ಫ್ರಾನ್ಸಿನ ಹಳ್ಳಿಗಳಲ್ಲಿ ಕಾರು ಓಡಿಸಲು ಅವನಿಲ್ಲದಿದ್ದರೆ ಈ ಪ್ರವಾಸ ಆಗುತ್ತಲೇ ಇರಲಿಲ್ಲ.

ಮೊದಲ ಮಹಾಯುದ್ಧದ ಸೇನಾಪತಿಗಳ ಬಗ್ಗೆ ಕಪಾಟುಗಟ್ಟಲೆ ಪುಸ್ತಕಗಳಿವೆ. ನನಗೆ ಬೇಕಿದ್ದವನು ಮಿಲ್ಲಿನ ಕೂಲಿಯಾಗಿದ್ದು ಸಿಪಾಯಿಯಾದವನು. ಅವನು ಎಲ್ಲಿಂದ ಬಂದ, ಏನು ತಿಂದ, ಎಷ್ಟು ಸಂಬಳ ಎಣಿಸಿದ, ಹೇಗೆ ಸತ್ತ, ಸತ್ತ ಮೇಲೆ ಅವನನ್ನು ಏನು ಮಾಡಿದರು ಎಂಬುದನ್ನು ಆಯಾ ಜಾಗದಲ್ಲೇ ನಿಂತು ತಿಳಿಯಬೇಕಿತ್ತು. ಒಬ್ಬನದೇ ಹೆಸರು ಹಿಡಿದು ಹೋಗಲಿಲ್ಲ. ಹಿಡಿದ ಕೂಡಲೇ ಅವನು ವಿಶೇಷದವನಾಗಿಬಿಡುತ್ತಾನೆ. ಒಂದು ಊರಿನ ನೂರಾರು ಜನ ನಡೆದ ದಾರಿಯನ್ನೇ ಹಿಡಿದೆವು.

ಆ ಊರು ಇಂಗ್ಲೆಂಡಿನ ಲ್ಯಾಂಕಶೈರಿನ ಆಕ್ರಿಂಗ್ಟನ್. 1914ರಲ್ಲಿ 45,000ದಷ್ಟು ಜನ, ಹತ್ತಿ ನೇಯುವ ಮಿಲ್ಲುಗಳು, ಜೊತೆಗೆ ಹೊವಾರ್ಡ್ ಅಂಡ್ ಬುಲೋ ಎಂಬ ದೊಡ್ಡ ಜವಳಿ ಯಂತ್ರಗಳ ಕಾರ್ಖಾನೆ. ಆ ವರ್ಷದ ಜುಲೈನಲ್ಲಿ ಕಾರ್ಖಾನೆಯಲ್ಲಿ ಸಂಬಳದ ಜಗಳವಾಗಿ ಮುಷ್ಕರ, ಅದರ ಹಿಂದೆಯೇ ಬೀಗಮುದ್ರೆ. ಸಾವಿರಾರು ಜನ ಬೀದಿಗೆ ಬಿದ್ದರು. ಆಗಸ್ಟಿನಲ್ಲಿ ಯುದ್ಧ ಶುರುವಾಯಿತು. ಸೆಪ್ಟೆಂಬರಿನಲ್ಲಿ ಮೇಯರ್ ಜಾನ್ ಹಾರ್ವುಡ್ ಊರಿನ ಹೆಸರಿನಲ್ಲೇ ಒಂದು ಬೆಟಾಲಿಯನ್ ಕಟ್ಟಿಕೊಡುತ್ತೇನೆಂದು ಲಂಡನ್ನಿಗೆ ಬರೆದರು. ಹತ್ತೇ ದಿನದಲ್ಲಿ ಜನ ಭರ್ತಿ. ಇದೇ ಆಕ್ರಿಂಗ್ಟನ್ ಪ್ಯಾಲ್ಸ್, ಅಂದರೆ ಆಕ್ರಿಂಗ್ಟನ್ನಿನ ಗೆಳೆಯರು. ಸರ್ಕಾರಿ ಲೆಕ್ಕದಲ್ಲಿ ಈಸ್ಟ್ ಲ್ಯಾಂಕಶೈರ್ ರೆಜಿಮೆಂಟಿನ 11ನೇ ಬೆಟಾಲಿಯನ್. ಅಕ್ಕಪಕ್ಕದ ಚಾರ್ಲಿ, ಬರ್ನ್ಲಿಯವರೂ ಇದರಲ್ಲಿದ್ದರು. ಒಂದೇ ಬೀದಿಯವರು, ಒಂದೇ ಮಿಲ್ಲಿನವರು ಒಟ್ಟಿಗೆ ಸೇರಿದರೆ ಒಟ್ಟಿಗೇ ಇರಬಹುದೆಂಬುದು ಸೈನ್ಯ ಕೊಟ್ಟ ಮಾತು. ಆ ಮಾತನ್ನು ಅದು ಉಳಿಸಿಕೊಂಡಿತು, ಒಂದು ಬೆಳಗ್ಗೆ ಪೂರ್ತಿಯಾಗಿ.

ದೇಶಪ್ರೇಮವೇ ಎಲ್ಲರನ್ನೂ ಎಳೆದೊಯ್ದಿತು ಎಂದು ಶಾಲೆಯಲ್ಲಿ ಓದಿದ್ದೆ. ಆಕ್ರಿಂಗ್ಟನ್ನಿನ ಆ ಸೆಪ್ಟೆಂಬರನ್ನು ನೋಡಿದರೆ ಹಸಿವೂ ಸಾಲಿನಲ್ಲಿ ನಿಂತಿತ್ತು ಅನ್ನಿಸುತ್ತದೆ. ಪ್ರೀತಿ ಇರಲಿಲ್ಲವೆಂದಲ್ಲ. ಕೆಲಸವಿಲ್ಲದ ಯುವಕನಿಗೆ ದಿನಕ್ಕೊಂದು ಶಿಲ್ಲಿಂಗ್, ಕಾಲಿಗೆ ಬೂಟು, ಹೊಟ್ಟೆಗೆ ಮಾಂಸ ಸಿಗುವ ಜಾಗದಲ್ಲಿ ದೇಶಪ್ರೇಮ ತುಸು ಸುಲಭವಾಗಿಯೇ ಬರುತ್ತದೆ.

ಊರಿನ ಓಕ್ ಹಿಲ್ ಪಾರ್ಕಿನ ಯುದ್ಧ ಸ್ಮಾರಕದ ಹೆಸರುಗಳನ್ನು ಓದುತ್ತ ಹೋದೆವು. ಮತ್ತೆ ಮತ್ತೆ ಅದೇ ಮನೆತನದ ಹೆಸರುಗಳು. ಸಂಜೆ ಹಾವರ್ತ್ ಆರ್ಟ್ ಗ್ಯಾಲರಿಯಲ್ಲಿ ಟಿಫಾನಿ ಗಾಜಿನ ಹೂದಾನಿಗಳನ್ನೂ ನೋಡಿದೆವು. ಅಳಿಯನಿಗೆ ಸಮಾಧಾನವಾಗಲಿ ಎಂದು.

ಮಂಗಳವಾರ, ಬರ್ನ್ಲಿ

ಬರ್ನ್ಲಿಯ ಹೊರಗೆ ಕ್ವೀನ್ ಸ್ಟ್ರೀಟ್ ಮಿಲ್ ಇದೆ. ಉಗಿಯಿಂದ ಓಡುವ ನೇಯ್ಗೆ ಮಿಲ್ಲುಗಳಲ್ಲಿ ಉಳಿದದ್ದು ಇದೊಂದೇ, ಈಗ ಮ್ಯೂಸಿಯಂ. ಶೆಡ್ಡಿನೊಳಗೆ ನೂರಾರು ಲ್ಯಾಂಕಶೈರ್ ಮಗ್ಗಗಳು ಸಾಲಾಗಿ ನಿಂತಿವೆ. ತಲೆಯ ಮೇಲೆ ಉದ್ದನೆಯ ಉಕ್ಕಿನ ದಂಡ, ಅದರಿಂದ ಪ್ರತಿ ಮಗ್ಗಕ್ಕೂ ಇಳಿಬಿಟ್ಟ ಚರ್ಮದ ಪಟ್ಟಿ. ಕೆಲವನ್ನಷ್ಟೇ ಓಡಿಸಿ ತೋರಿಸಿದರು. ಪಕ್ಕದಲ್ಲಿ ನಿಂತ ಅಳಿಯ ಬಾಯಿ ಆಡಿಸುತ್ತಿದ್ದ, ಒಂದಕ್ಷರವೂ ಕೇಳಲಿಲ್ಲ. ಎಲ್ಲವೂ ಓಡುವಾಗ ಹೇಗಿದ್ದೀತು?

ನೇಯುವವರು ಅದಕ್ಕೇ ತುಟಿ ಓದಿ ಮಾತಾಡುವುದನ್ನು ಕಲಿತಿದ್ದರು. ಮುಖವನ್ನು ಅಷ್ಟಗಲ ಮಾಡಿ, ಶಬ್ದವಿಲ್ಲದೆ, ಶೆಡ್ಡಿನ ಆ ತುದಿಯಿಂದ ಈ ತುದಿಗೆ ಊರ ಸುದ್ದಿಯೆಲ್ಲ ದಾಟುತ್ತಿತ್ತು. ಕಂದಕದಲ್ಲಿ ಫಿರಂಗಿಗಳ ಮೊರೆತದ ನಡುವೆ ಈ ವಿದ್ಯೆ ಅವರಿಗೆ ಉಪಯೋಗಕ್ಕೆ ಬಂದಿರಬಹುದೇ ಎಂದು ಅಲ್ಲೇ ನಿಂತು ಯೋಚಿಸಿದೆ.

ಈ ಮಿಲ್ಲುಗಳಿಗೆ ಮಕ್ಕಳು ಹನ್ನೆರಡನೇ ವಯಸ್ಸಿಗೇ ಬರುತ್ತಿದ್ದರು. ಅರ್ಧ ದಿನ ಮಿಲ್ಲು, ಅರ್ಧ ದಿನ ಶಾಲೆ. ಹದಿಮೂರಾಗುವ ಹೊತ್ತಿಗೆ ಹಲವರಿಗೆ ಶಾಲೆ ಮುಗಿದಿರುತ್ತಿತ್ತು. ಪಳಗಿದವರು ನಾಲ್ಕು ಮಗ್ಗ ನೋಡಿಕೊಳ್ಳುತ್ತಿದ್ದರು. ಲಾಳಿಗೆ ಹೊಸ ಕಂಡಿಕೆ ಹಾಕಿದಾಗ ನೂಲನ್ನು ಅದರ ಸಣ್ಣ ಕಣ್ಣಿನಿಂದ ಹೊರತೆಗೆಯಲು ಬಾಯಿಂದ ಎಳೆಯಬೇಕು. ಒಂದು ಲಾಳಿಯನ್ನು ಎಷ್ಟೋ ಜನ ಎಳೆದಿರುತ್ತಾರೆ; ಒಬ್ಬರ ರೋಗ ಇನ್ನೊಬ್ಬರಿಗೆ. ನೂಲು ಕಡಿಯದಿರಲೆಂದು ಶೆಡ್ಡಿನ ಗಾಳಿಯನ್ನು ತೇವವಾಗಿಯೇ ಇಡುತ್ತಿದ್ದರು, ಹಾಸು ನೂಲಿಗೆ ಹಚ್ಚಿದ ಗಂಜಿಯ ಪುಡಿ ಅದರಲ್ಲಿ ಹಾರಾಡುತ್ತಿತ್ತು.

ಹೀಗೆ ಬೆಳೆದ ದೇಹ ಸೈನ್ಯದ ಅಳತೆಗೋಲಿನ ಕೆಳಗೆ ಬಂದು ನಿಂತಾಗ ದೇಶವೇ ಬೆಚ್ಚಿತು. ಯುದ್ಧದ ಕೊನೆಯ ವರ್ಷ, 1917ರ ನವೆಂಬರಿನಿಂದ ವೈದ್ಯಕೀಯ ಮಂಡಳಿಗಳು ಪರೀಕ್ಷಿಸಿದ ಸುಮಾರು 25 ಲಕ್ಷ ಗಂಡಸರಲ್ಲಿ ಪೂರ್ತಿ ಗಟ್ಟಿ ಎನ್ನಿಸಿಕೊಂಡವರು ನೂರಕ್ಕೆ 36 ಮಾತ್ರ. ಕಾಲಾಳಿಗೆ ಯುದ್ಧದ ಆರಂಭದಲ್ಲಿ ಇದ್ದ ಕನಿಷ್ಠ ಎತ್ತರ 5 ಅಡಿ 3 ಇಂಚು. ಅದಕ್ಕೂ ಗಿಡ್ಡವಿದ್ದ ಗಣಿಯವರು, ಮಿಲ್ಲಿನವರು ಬಿಡಲಿಲ್ಲ. ಅವರಿಗೆಂದೇ 5 ಅಡಿಯಿಂದ ಮೇಲ್ಪಟ್ಟವರ ಬ್ಯಾಂಟಮ್ ಬೆಟಾಲಿಯನ್‌ಗಳು ಹುಟ್ಟಿದವು. ತರಬೇತಿಯಲ್ಲಿ ದಿನಾ ಮಾಂಸ, ಬಯಲ ಗಾಳಿ ಸಿಕ್ಕಿ ಮೈ ತುಂಬಿಕೊಂಡವರು ಬಹಳ. ಮನುಷ್ಯನಿಗೆ ಸರಿಯಾಗಿ ಊಟ ಹಾಕಬೇಕೆಂದು ದೇಶಕ್ಕೆ ನೆನಪಾದದ್ದು ಅವನ ಕೈಗೆ ಕೋವಿ ಕೊಟ್ಟಾಗ.

ಇನ್ನೊಂದು ಸಂಗತಿ ಹೇಳದಿರಲಾರೆ. ಈ ಕಣಿವೆಯ ಮಗ್ಗಗಳ ದೊಡ್ಡ ಗಿರಾಕಿ ಹಿಂದೂಸ್ಥಾನ. ಬ್ಲ್ಯಾಕ್‌ಬರ್ನ್ ಸುತ್ತಮುತ್ತ ನೇಯುತ್ತಿದ್ದುದು ಹೆಚ್ಚಾಗಿ ಧೋತರವೇ. ನಮ್ಮ ಮುತ್ತಜ್ಜಂದಿರು ಉಟ್ಟ ಪಂಚೆಗೂ ಫ್ರಾನ್ಸಿನ ಸೋಮ್ ನದಿಯ ಬಯಲಿನಲ್ಲಿ ಬಿದ್ದ ಹುಡುಗರಿಗೂ ನಡುವೆ ಇದ್ದದ್ದು ಒಂದು ಲಾಳಿ.

ಬುಧವಾರ, ಲಂಡನ್ನಿನ ಕ್ಯೂ ಬಡಾವಣೆ

ಮುಂಜಾನೆಯ ರೈಲು. ಮಳೆ. ಸರ್ಕಾರದ ಹಳೇ ದಾಖಲೆಗಳನ್ನಿಡುವ ನ್ಯಾಷನಲ್ ಆರ್ಕೈವ್ಸ್ ಕಟ್ಟಡದ ಮುಂದಿನ ಕೊಳದಲ್ಲಿ ಬಾತುಗಳು. ಅಳಿಯನಿಗೆ ಇಡೀ ದಿನದಲ್ಲಿ ಹಿಡಿಸಿದ್ದು ಅವು ಮಾತ್ರ.

ಸಾಮಾನ್ಯ ಸಿಪಾಯಿಯ ಕಾಗದಗಳನ್ನು ಹುಡುಕುವವರಿಗೆ ಇಲ್ಲಿ ಮೊದಲು ಎದುರಾಗುವುದು ಬೆಂಕಿ. ಮೊದಲ ಯುದ್ಧದ ಸಿಪಾಯಿಗಳ ಸೇವಾ ದಾಖಲೆಗಳನ್ನು ಲಂಡನ್ನಿನ ಆರ್ನ್‌ಸೈಡ್ ಸ್ಟ್ರೀಟಿನ ಗೋದಾಮಿನಲ್ಲಿ ಇಟ್ಟಿದ್ದರು. ಎರಡನೇ ಯುದ್ಧದಲ್ಲಿ, 1940ರ ಸೆಪ್ಟೆಂಬರಿನಲ್ಲಿ, ಜರ್ಮನ್ ಬಾಂಬಿಗೆ ಅದು ಉರಿಯಿತು. ಶೇಕಡ 60ರಷ್ಟು ಬೂದಿ. ಉಳಿದವು ಅಂಚು ಸುಟ್ಟು, ನೀರು ಕುಡಿದು ನಿಂತವು. ಅಧಿಕಾರಿಗಳ ಪತ್ರವ್ಯವಹಾರದ ಕಡತಗಳೋ ದೊಡ್ಡ ಸಂಖ್ಯೆಯಲ್ಲಿ ಉಳಿದುಕೊಂಡಿವೆ. ಬಾಂಬಿಗೆ ವರ್ಗಭೇದ ಗೊತ್ತಿಲ್ಲ ಎನ್ನಬಹುದು. ಕಡತಗಳನ್ನು ಬೇರೆ ಬೇರೆ ಇಟ್ಟವರಿಗೆ ಗೊತ್ತಿತ್ತು.

ಬೆಟಾಲಿಯನ್‌ಗಳ ಯುದ್ಧ ದಿನಚರಿಗಳು ಇವೆ. ಪ್ರತಿ ದಿನ ಒಬ್ಬ ಅಧಿಕಾರಿ ಪೆನ್ಸಿಲಿನಲ್ಲೋ ಟೈಪ್ ಮಾಡಿಯೋ ಬರೆದವು. ಮಳೆ, ದಂಡಿನ ನಡಿಗೆ, ಗುಂಡು, ಸಾವು. ಅಧಿಕಾರಿಗೆ ಗಾಯವಾದರೆ ಹೆಸರಿರುತ್ತದೆ. ಸಿಪಾಯಿ ಸತ್ತರೆ ಓ.ಆರ್. ಎಂಬ ಎರಡಕ್ಷರ, ಪಕ್ಕದಲ್ಲಿ ಒಂದು ಅಂಕಿ. ಇತರ ದರ್ಜೆಯವರು ಇಷ್ಟು ಜನ, ಅಷ್ಟೇ. ಪುಟ ತಿರುಗಿಸುತ್ತ ಹೋದಂತೆ ನನ್ನ ಕಣ್ಣು ಆ ಅಂಕಿಗಳನ್ನೇ ಹುಡುಕತೊಡಗಿತು. ನಾವು ಬೆನ್ನು ಹತ್ತಿ ಬಂದವನು ಅಲ್ಲಿ, ಆ ಅಂಕಿಯೊಳಗೆ ಇದ್ದ.

ಸಾವಿನ ಸುದ್ದಿ ಮನೆಗೆ ಮುಟ್ಟುವಾಗಲೂ ಎರಡು ದಾರಿ. ಅಧಿಕಾರಿಯ ಮನೆಗೆ ತಂತಿ ಹೋಗುತ್ತಿತ್ತು. ಸಿಪಾಯಿಯ ಮನೆಗೆ ಸಾಮಾನ್ಯ ಅಂಚೆಯಲ್ಲಿ ಬಿ.104-82 ಎಂಬ ಅಚ್ಚು ಮಾಡಿದ ಫಾರಮ್ಮು. ಖಾಲಿ ಬಿಟ್ಟ ಜಾಗದಲ್ಲಿ ನಂಬರು, ದರ್ಜೆ, ಹೆಸರು, ರೆಜಿಮೆಂಟು ತುಂಬಿರುತ್ತಿದ್ದರು. ಸಿಪಾಯಿ ತಾನು ಬದುಕಿದ್ದೇನೆಂದು ತಿಳಿಸುವುದಕ್ಕೂ ಅಚ್ಚು ಮಾಡಿದ ಕಾರ್ಡೇ. ಚೆನ್ನಾಗಿದ್ದೇನೆ, ಆಸ್ಪತ್ರೆಯಲ್ಲಿದ್ದೇನೆ, ನಿಮ್ಮ ಕಾಗದ ಬಂತು ಎಂಬ ಸಾಲುಗಳಲ್ಲಿ ಬೇಡವಾದವನ್ನು ಹೊಡೆದುಹಾಕಿ ಸಹಿ ಮಾಡಬೇಕು. ಒಂದು ಪದ ಹೆಚ್ಚಿಗೆ ಬರೆದರೂ ಕಾರ್ಡು ಹರಿದುಹಾಕುತ್ತಾರೆಂದು ಅದರ ಮೇಲೇ ಎಚ್ಚರಿಕೆ ಇತ್ತು.

ಗುರುವಾರ, ಸೆರ್

ಲಂಡನ್ನಿನಿಂದ ಲಿಲ್, ಅಲ್ಲಿಂದ ಆರಾಸ್, ಆರಾಸಿನಲ್ಲಿ ಬಾಡಿಗೆ ಕಾರು. ಪ್ಯಾಲ್ಸ್ ಬಂದದ್ದು ಇಷ್ಟು ನೇರವಾಗಿ ಅಲ್ಲ. ವೇಲ್ಸ್, ಸ್ಟ್ಯಾಫರ್ಡ್‌ಶೈರ್, ಯಾರ್ಕ್‌ಶೈರ್‌ಗಳಲ್ಲಿ ತರಬೇತಿ, 1915ರ ಡಿಸೆಂಬರಿನಲ್ಲಿ ಸೂಯೆಜ್ ಕಾಲುವೆ ಕಾಯಲು ಈಜಿಪ್ಟ್, 1916ರ ಮಾರ್ಚಿನಲ್ಲಿ ಫ್ರಾನ್ಸ್. ಬ್ಲ್ಯಾಕ್‌ಪೂಲ್ ಬೀಚಿಗಿಂತ ದೂರ ಹೋಗದವನು ಒಂಟೆ ನೋಡಿ, ಖಂಡ ದಾಟಿ, ಈ ಸುಣ್ಣದ ನೆಲಕ್ಕೆ ಬಂದು ಇಳಿದ.

ದಾರಿಯಲ್ಲಿ ಅಳಿಯ ಕೇಳಿದ. "ಕಂದಕದಲ್ಲಿ ಇಡೀ ದಿನ ಏನ್ ಮಾಡ್ತಿದ್ರು ಮಾಮ? ಬರೀ ಗುಂಡು ಹಾರಿಸ್ತಿದ್ರಾ?"

ಗುಂಡು ಹಾರಿಸುವುದು ಅಪರೂಪ. ಸಿಪಾಯಿಯ ಬದುಕಿನಲ್ಲಿ ಹೆಚ್ಚಿನದು ಕೂಲಿ ಕೆಲಸ. ಮುಂಚೂಣಿಯಲ್ಲಿ ಕೆಲವು ದಿನ, ಹಿಂದಿನ ಸಾಲಿನಲ್ಲಿ ಕೆಲವು ದಿನ, ಆಮೇಲೆ ವಿಶ್ರಾಂತಿ ಎಂಬ ಹೆಸರಿನಲ್ಲಿ ರಾತ್ರಿಯಿಡೀ ಹೊರೆ ಹೊರುವುದು. ಮುಳ್ಳುತಂತಿಯ ಸುರುಳಿ, ಹಲಗೆ, ಮದ್ದುಗುಂಡಿನ ಪೆಟ್ಟಿಗೆ, ನೀರು. ನೀರು ತರುತ್ತಿದ್ದುದು ಪೆಟ್ರೋಲಿನ ಡಬ್ಬಗಳಲ್ಲಿ. ಚಹಾಕ್ಕೂ ಅದರದೇ ವಾಸನೆ. ಸೂರ್ಯ ಹುಟ್ಟುವಾಗ, ಮುಳುಗುವಾಗ ಎಲ್ಲರೂ ಕೋವಿ ಹಿಡಿದು ನಿಲ್ಲಬೇಕು. ಬೆಳಗ್ಗೆ ಒಂದು ಗುಟುಕು ರಮ್. ತಿನ್ನಲು ಡಬ್ಬದ ದನದ ಮಾಂಸ, ಹಲ್ಲು ಮುರಿಯುವ ಬಿಸ್ಕತ್ತು, ಪ್ಲಮ್ ಮತ್ತು ಸೇಬಿನ ಜ್ಯಾಮ್. ಬಟ್ಟೆಯ ಹೊಲಿಗೆಗಳಲ್ಲಿ ಕೂರೆ ತುಂಬಿರುತ್ತಿದ್ದವು. ಮೇಣದಬತ್ತಿಯ ಜ್ವಾಲೆಗೆ ಹೊಲಿಗೆ ಹಿಡಿದು ಚಟಚಟ ಸುಡುವುದೇ ಬಿಡುವಿನ ಕೆಲಸ. ಕಾಲು ಕೊಳೆಯದಿರಲೆಂದು ತಿಮಿಂಗಿಲದ ಎಣ್ಣೆ ಹಚ್ಚಿಕೊಳ್ಳಬೇಕು. ಇದೆಲ್ಲಕ್ಕೂ ದಿನಕ್ಕೆ ಒಂದು ಶಿಲ್ಲಿಂಗ್, ಅದರಲ್ಲೂ ಒಂದು ಪಾಲು ಮನೆಗೆ.

ಮಿಲ್ಲಿನಲ್ಲಿ, ಗಣಿಯಲ್ಲಿ ಬೆಳೆದವರಿಗೆ ಇದು ಪೂರ್ತಿ ಹೊಸದಲ್ಲ ಎಂಬುದು ನನ್ನ ಅನಿಸಿಕೆ. ಮೇಲಿನವನ ಸಿಳ್ಳೆಗೆ ಏಳುವುದು, ಬೇಸರದ ಕೆಲಸವನ್ನು ಜೊತೆಗಾರನ ತಮಾಷೆಯ ನೆರವಿನಿಂದ ಮುಗಿಸುವುದು, ಅಪಾಯದ ಪಕ್ಕದಲ್ಲೇ ಊಟ ಮಾಡುವುದು ಅವರಿಗೆ ರೂಢಿಯಲ್ಲಿತ್ತು. ಆ ಸೈನ್ಯ ನಾಲ್ಕು ವರ್ಷ ಮುರಿಯದೆ ನಿಂತದ್ದಕ್ಕೆ ಸೇನಾಪತಿಗಳಿಗಿಂತ ಕಾರ್ಖಾನೆಯ ಶೆಡ್ಡುಗಳಿಗೇ ಹೆಚ್ಚು ಶ್ರೇಯಸ್ಸು ಸಲ್ಲಬೇಕು.

ಸೆರ್ ಚಿಕ್ಕ ಹಳ್ಳಿ. ಕಾಲುದಾರಿಯಲ್ಲಿ ಹೋದರೆ ಒಂದು ತೋಪು. ಶೆಫೀಲ್ಡ್ ಮೆಮೋರಿಯಲ್ ಪಾರ್ಕ್ ಎಂದು ಹೆಸರು. ಆಗಿನ ಸೈನ್ಯದ ನಕ್ಷೆಯಲ್ಲಿ ಇಲ್ಲಿಯ ನಾಲ್ಕು ತೋಪುಗಳಿಗೆ ಮ್ಯಾಥ್ಯೂ, ಮಾರ್ಕ್, ಲ್ಯೂಕ್, ಜಾನ್ ಎಂಬ ಹೆಸರಿದ್ದವು. ಪ್ಯಾಲ್ಸ್ ಹೊರಟ ಕಂದಕದ ಗುರುತು ಮರಗಳ ಅಂಚಿನಲ್ಲಿ ಇನ್ನೂ ಇದೆ. ಪಕ್ಕದಲ್ಲಿ ಆಕ್ರಿಂಗ್ಟನ್ನಿನ ಕೆಂಪು ಇಟ್ಟಿಗೆಯಲ್ಲೇ ಕಟ್ಟಿದ ಸ್ಮಾರಕದ ಗೋಡೆ. ಎದುರಿಗೆ ಹೊಲ ಮೆಲ್ಲಗೆ ಏರಿ ಹೋಗುತ್ತದೆ. ನೋಡಿದರೆ ಏರು ಎನ್ನಿಸುವುದೇ ಇಲ್ಲ. ನಡೆದರೆ ಮಾತ್ರ ಗೊತ್ತಾಗುತ್ತದೆ. ಮೇಲೆ ನಿಂತವನಿಗೆ ಕೆಳಗಿನ ಪ್ರತಿಯೊಬ್ಬನೂ ಕಾಣುತ್ತಾನೆ.

1916ರ ಜುಲೈ 1, ಶನಿವಾರ, ಸೋಮ್ ಕದನದ ಮೊದಲ ದಿನ. ಅದಕ್ಕೆ ಮೊದಲು ಏಳು ದಿನ ಬ್ರಿಟಿಷ್ ಫಿರಂಗಿಗಳು ಸುಮಾರು 15 ಲಕ್ಷ ಶೆಲ್ ಸುರಿಸಿದ್ದವು. ಮುಳ್ಳುತಂತಿ ಕಡಿದಿರುತ್ತದೆ, ಜರ್ಮನರು ಸತ್ತಿರುತ್ತಾರೆ ಎಂಬುದು ಮೇಲಿನವರ ನಂಬಿಕೆ. ತಂತಿಯ ಬಹುಪಾಲು ಹಾಗೇ ಇತ್ತು. ಜರ್ಮನರು ನೆಲದಡಿಯ ಆಳದ ಗುಹೆಗಳಲ್ಲಿ ಕ್ಷೇಮವಾಗಿದ್ದರು. ಬೆಳಗಿನ 7.30ಕ್ಕೆ ಪ್ಯಾಲ್ಸ್ ಅಲೆ ಅಲೆಯಾಗಿ ಎದ್ದು ನಡೆದರು. ಓಡುವಂತಿರಲಿಲ್ಲ, ಬೆನ್ನ ಮೇಲೆ ಮೂವತ್ತು ಕಿಲೋ ಹತ್ತಿರದ ಭಾರ. ಹೊರಟವರು ಸುಮಾರು 700. ಅರ್ಧ ಗಂಟೆಯ ಆಸುಪಾಸಿನಲ್ಲಿ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ 584. ಆ ಒಂದು ದಿನ ಬ್ರಿಟಿಷ್ ಸೈನ್ಯ ಕಳೆದುಕೊಂಡದ್ದು 57,470 ಜನ. ಅದರಲ್ಲಿ ಸತ್ತವರು 19,240.

ಊರಿನ ಪತ್ರಿಕೆಗಳಲ್ಲಿ ಮೊದಲು ಬಂದದ್ದು ಗೆಲುವಿನ ಸುದ್ದಿ. ಆಮೇಲೆ ಗಾಯಾಳುಗಳ ಕಾಗದಗಳು ಬರತೊಡಗಿದವು. ಜನ ಮೇಯರ್ ಮನೆಯನ್ನು ಮುತ್ತಿ ಸತ್ಯ ಹೇಳಿ ಎಂದು ಕೇಳಿದರೆಂದು ಆಕ್ರಿಂಗ್ಟನ್ನಿನಲ್ಲಿ ಇವತ್ತಿಗೂ ಹೇಳುತ್ತಾರೆ. ಒಂದೇ ಬೀದಿಯಿಂದ ಭರ್ತಿ ಮಾಡಿಕೊಂಡರೆ ಒಂದೇ ಬೀದಿ ಖಾಲಿಯಾಗುತ್ತದೆ ಎಂಬ ಸರಳ ಲೆಕ್ಕ 1914ರಲ್ಲಿ ಯಾರಿಗೂ ಹೊಳೆದಿರಲಿಲ್ಲವೇ?

ಬಿದ್ದವರಲ್ಲಿ ಅನೇಕರು ತಿಂಗಳುಗಟ್ಟಲೆ ಅಲ್ಲೇ ಬಿದ್ದಿದ್ದರು. 1917ರ ಫೆಬ್ರವರಿಯಲ್ಲಿ ಜರ್ಮನರು ಹಿಂದೆ ಸರಿದ ಮೇಲೆ ಹೊಲ ಗುಡಿಸಿ, ಈಗ ಕಾಣುವ ಪುಟ್ಟ ಸಮಾಧಿ ತೋಟಗಳನ್ನು ಮಾಡಿದರು. ಆ ಹೊತ್ತಿಗೆ ಯಾರು ಯಾರೆಂದು ಗುರುತು ಹಿಡಿಯುವುದು ಕಷ್ಟ. ಅದಕ್ಕೊಂದು ಕಾರಣ ಗುರುತಿನ ಸಣ್ಣ ಬಿಲ್ಲೆ. ಆಗ ಸಿಪಾಯಿಯ ಕೊರಳಲ್ಲಿ ಒಂದೇ ಬಿಲ್ಲೆ ಇರುತ್ತಿತ್ತು. ಸಾವಿನ ದಾಖಲೆಗೆಂದು ಅದನ್ನು ಬಿಚ್ಚಿಕೊಂಡರೆ ಹೆಣಕ್ಕೆ ಹೆಸರಿಲ್ಲ. ಒಂದನ್ನು ತೆಗೆದರೂ ಇನ್ನೊಂದು ಮೈಮೇಲೆ ಉಳಿಯಲಿ ಎಂದು ಎರಡು ಬಿಲ್ಲೆ ಕೊಡುವ ಆಜ್ಞೆ ಹೊರಟದ್ದು 1916ರ ಸೆಪ್ಟೆಂಬರಿನಲ್ಲಿ. ಸೆರ್‌ನವರಿಗೆ ಎರಡು ತಿಂಗಳು ತಡ.

ರೈಲ್ವೆ ಹಾಲೋ ಎಂಬ ಸಮಾಧಿಗಳ ತಗ್ಗಿನಲ್ಲಿ ಬುತ್ತಿ ಬಿಚ್ಚಿದೆವು. ತಪ್ಪೆನ್ನಿಸಲಿಲ್ಲ.

ಶುಕ್ರವಾರ, ಥಿಯೆಪ್ವಾಲ್

ಸೆರ್‌ನಿಂದ ಕೆಲವೇ ಮೈಲಿ. ವಾಸ್ತುಶಿಲ್ಪಿ ಲಟ್ಯೆನ್ಸ್ ವಿನ್ಯಾಸದ ಇಟ್ಟಿಗೆಯ ಮಹಾ ಕಮಾನು, 45 ಮೀಟರ್ ಎತ್ತರ. ತೆರೆದದ್ದು 1932ರ ಆಗಸ್ಟ್ 1. ನವದೆಹಲಿಯ ಇಂಡಿಯಾ ಗೇಟ್ ಮಾಡಿದವರೂ ಅವರೇ. ಹದಿನಾರು ಕಂಬಗಳ ಮುಖಗಳ ಮೇಲೆ 72,000ಕ್ಕೂ ಹೆಚ್ಚು ಹೆಸರು. ಇವರೆಲ್ಲ ಸೋಮ್‌ನಲ್ಲಿ ಸತ್ತು, ಗುರುತು ಸಿಕ್ಕ ಸಮಾಧಿ ಇಲ್ಲದವರು. ಈಸ್ಟ್ ಲ್ಯಾಂಕಶೈರಿನವರು 6ಸಿ ಮುಖದಲ್ಲಿದ್ದಾರೆ.

ಹೆಸರುಗಳನ್ನು ರೆಜಿಮೆಂಟಿನ ಪ್ರಕಾರ, ಅದರೊಳಗೆ ದರ್ಜೆಯ ಪ್ರಕಾರ ಕೆತ್ತಿದ್ದಾರೆ. ಮೇಲೆ ಅಧಿಕಾರಿಗಳು, ಕೆಳಗೆ ಸಾರ್ಜೆಂಟು, ಕಾರ್ಪೊರಲ್ಲು, ಆಮೇಲೆ ಮುಗಿಯದ ಸಿಪಾಯಿಗಳ ಸಾಲು. ಆದರೂ ಅಕ್ಷರದ ಗಾತ್ರ ಎಲ್ಲರಿಗೂ ಒಂದೇ. ಕ್ಯೂನ ಕಡತಗಳಲ್ಲಿ ಅಂಕಿಯಾಗಿದ್ದವನು ಇಲ್ಲಿ ಹೆಸರಾಗಿದ್ದಾನೆ. ನೆಪೋಲಿಯನ್ನನ ವಾಟರ್ಲೂ ಕದನದ ಕಾಲದಲ್ಲಿ ಸಾಮಾನ್ಯ ಸಿಪಾಯಿಗಳನ್ನು ಗುಂಡಿಗೆ ತಳ್ಳಿ ಮಣ್ಣು ಮುಚ್ಚುತ್ತಿದ್ದರು. ಅಲ್ಲಿಂದ ಇಲ್ಲಿಗೆ ಬಂದದ್ದು ಸಣ್ಣ ದೂರವಲ್ಲ.

ಇದರ ಹಿಂದೆ ಫೇಬಿಯನ್ ವೇರ್ ಎಂಬವರ ಹಟ ಇತ್ತು. 1917ರಲ್ಲಿ ಹುಟ್ಟಿದ ಇಂಪೀರಿಯಲ್ ವಾರ್ ಗ್ರೇವ್ಸ್ ಕಮಿಷನ್ನಿನ (ಯುದ್ಧ ಸಮಾಧಿಗಳ ಆಯೋಗ) ನಿಯಮ ಮೂರು ಮಾತಿನದು. ಹೆಣವನ್ನು ಯಾರೂ ಊರಿಗೆ ಒಯ್ಯುವಂತಿಲ್ಲ. ದುಡ್ಡಿದ್ದವರು ಅಮೃತಶಿಲೆಯ ಗೋರಿ ಕಟ್ಟುವಂತಿಲ್ಲ. ಅಧಿಕಾರಿಗೂ ಸಿಪಾಯಿಗೂ ಒಂದೇ ಅಳತೆಯ ಕಲ್ಲು. ಮಗನ ಮೂಳೆಯನ್ನೂ ಸರ್ಕಾರ ಕೊಡುವುದಿಲ್ಲವೇ ಎಂದು ತಾಯಂದಿರು ಸಾವಿರಗಟ್ಟಲೆ ಸಹಿ ಹಾಕಿ ಬೇಡಿದರು. ಕಮಿಷನ್ ಬಗ್ಗಲಿಲ್ಲ. ಕ್ರೂರವೆನ್ನಿಸಿದರೂ ನನಗೆ ಆ ನಿಯಮದ ಮೇಲೆ ಗೌರವವಿದೆ. ಬಿಟ್ಟಿದ್ದರೆ ಶ್ರೀಮಂತರ ಮಕ್ಕಳೆಲ್ಲ ಮನೆ ಸೇರಿ, ನೇಕಾರರ ಮಕ್ಕಳು ಮಾತ್ರ ಫ್ರಾನ್ಸಿನಲ್ಲಿ ಉಳಿಯುತ್ತಿದ್ದರು.

ಆದರೆ ಕಲ್ಲಿನ ಬುಡದಲ್ಲಿ ಮನೆಯವರ ಮಾತು ಕೆತ್ತಿಸಲು ದರ ಇತ್ತು. 66 ಅಕ್ಷರದವರೆಗೆ, ಪದಗಳ ನಡುವಿನ ತೆರಪೂ ಸೇರಿ. ಅಕ್ಷರಕ್ಕೆ ಮೂರೂವರೆ ಪೆನ್ನಿ. ಆಗ ಶಿಲ್ಲಿಂಗಿಗೆ 12 ಪೆನ್ನಿ. ಪೂರ್ತಿ 66 ಬಳಸಿದರೆ 19 ಶಿಲ್ಲಿಂಗ್ 3 ಪೆನ್ನಿ ಎಂದು ಅಳಿಯ ಮೊಬೈಲಿನಲ್ಲಿ ಗುಣಿಸಿ ಹೇಳಿದ. ಸತ್ತವನ 19 ದಿನಗಳ ಸಂಬಳಕ್ಕಿಂತ ಹೆಚ್ಚು. ಮುಂದೆ ಇದನ್ನು ಇಷ್ಟವಿದ್ದರೆ ಕೊಡಿ ಎಂದು ಸಡಿಲಿಸಿದರು. ನೆನ್ನೆ ಓದಿದ ಕಲ್ಲುಗಳಲ್ಲಿ ಬುಡ ಖಾಲಿ ಇದ್ದವು ಎಷ್ಟೊಂದು!

ಸತ್ತವರ ಮನೆಗೆ ಒಂದು ಕಂಚಿನ ಫಲಕವೂ ಹೋಗುತ್ತಿತ್ತು, ಅಂಗೈ ಅಗಲದ್ದು. 13 ಲಕ್ಷಕ್ಕೂ ಹೆಚ್ಚು ಎರಕ ಹೊಯ್ದರು. ಅದರ ಮೇಲೆ ಹೆಸರಷ್ಟೇ. ದರ್ಜೆ ಬೇಕೆಂದೇ ಇಲ್ಲ. ಜನ ಅದನ್ನು ಹೆಣದ ಪೆನ್ನಿ ಎಂದು ಕರೆದರು. ಕಾರ್ಮಿಕರ ಬೀದಿಗಳಲ್ಲಿ ಗೌರವಕ್ಕೂ ಸಿಟ್ಟಿಗೂ ಒಂದೇ ಹೆಸರು ಸಾಕಾಗಿತ್ತು.

ಶನಿವಾರ, ನ್ಯೂವ್ ಶಪೆಲ್

ಉತ್ತರಕ್ಕೆ ಹೊರಟೆವು. ರಸ್ತೆ ಬದಿಯಲ್ಲಿ ಬಿಳಿಯ ವರ್ತುಲ ಗೋಡೆ, ನಡುವೆ ಹದಿನೈದು ಮೀಟರಿನ ಸ್ತಂಭ, ತುದಿಯಲ್ಲಿ ಕಮಲ. ಬುಡದ ಎರಡೂ ಬದಿಗೆ ಹುಲಿ. ಹರ್ಬರ್ಟ್ ಬೇಕರ್ ವಿನ್ಯಾಸ, 1927ರ ಅಕ್ಟೋಬರಿನಲ್ಲಿ ತೆರೆದದ್ದು. ಸಮಾಧಿ ಇಲ್ಲದ 4,700ರಷ್ಟು ಭಾರತೀಯರ ಹೆಸರು ಇಲ್ಲಿವೆ. 1915ರ ಮಾರ್ಚಿನಲ್ಲಿ ಈ ಹಳ್ಳಿಯನ್ನು ಗೆಲ್ಲುವ ದಾಳಿಯಲ್ಲಿ ಅರ್ಧಕ್ಕರ್ಧ ಭಾರತೀಯ ಪಡೆಗಳೇ ಇದ್ದವು.

ಭಾರತೀಯ ಸಿಪಾಯಿಯ ಸಂಬಳ ತಿಂಗಳಿಗೆ 11 ರೂಪಾಯಿ. ಮಿಲ್ಲಿನ ಕೂಲಿಯಲ್ಲ, ಪಂಜಾಬು, ಗಢವಾಲ, ನೇಪಾಳದ ಬೆಟ್ಟ ಬಯಲುಗಳ ಒಕ್ಕಲಿನ ಮಗ. ಬಹಳ ಜನಕ್ಕೆ ಓದು ಬರುತ್ತಿರಲಿಲ್ಲ. ಕಾಗದವನ್ನು ಬೇರೆಯವರಿಂದ ಬರೆಸಬೇಕು, ಅದನ್ನು ಸೆನ್ಸಾರಿನವರು ಓದಬೇಕು, ಊರಿನಲ್ಲಿ ಇನ್ನೊಬ್ಬರು ಓದಿ ಹೇಳಬೇಕು. ಹೆಂಡತಿಗೆ ಏನನ್ನು ತಾನೇ ಹೇಳಿಯಾನು?

ಗೋಡೆಯ ಹೆಸರುಗಳನ್ನು ಮುಟ್ಟುತ್ತ ಅಳಿಯ, "ಇಲ್ಲಿ ಎಲ್ಲರ ಹೆಸರೂ ಇದೆಯಲ್ಲ ಮಾಮ, ಸಿಪಾಯಿಗಳದ್ದೂ" ಎಂದ. ಇಲ್ಲಿ ಇದೆ. ಯುರೋಪು ದಾಟಿದರೆ ಇಲ್ಲ. ಇರಾಕಿನ ಬಾಸ್ರಾ ಸ್ಮಾರಕದಲ್ಲಿ ಭಾರತೀಯ ಅಧಿಕಾರಿಗಳ ಹೆಸರು ಕೆತ್ತಿ, ಸಾವಿರ ಸಾವಿರ ಸಿಪಾಯಿಗಳನ್ನು ಬರೀ ಸಂಖ್ಯೆಯಾಗಿ ಬರೆದರು. ಪೂರ್ವ ಆಫ್ರಿಕದಲ್ಲಿ ಹೊರೆ ಹೊತ್ತು ಸತ್ತ ಆಫ್ರಿಕನ್ನರಲ್ಲಿ ಹೆಚ್ಚಿನವರಿಗೆ ಕಲ್ಲೂ ಇಲ್ಲ, ಹೆಸರೂ ಇಲ್ಲ. 2021ರಲ್ಲಿ ಕಮಿಷನ್ ತಾನೇ ವರದಿ ಹೊರಡಿಸಿ ಒಪ್ಪಿಕೊಂಡಿತು: 45,000ದಿಂದ 54,000 ಜನರನ್ನು ಅಸಮಾನವಾಗಿ ನೆನೆಯಲಾಗಿದೆ, ಕನಿಷ್ಠ 1,16,000 ಜನರನ್ನು, ಬಹುಶಃ 3,50,000ದವರೆಗೂ, ಹೆಸರಿಟ್ಟು ನೆನೆಯಲಾಗಿಲ್ಲ. ನೆನ್ನೆ ಥಿಯೆಪ್ವಾಲಿನಲ್ಲಿ ನಾನು ಕೊಟ್ಟ ಗೌರವದಲ್ಲಿ ಒಂದಷ್ಟನ್ನು ಇಲ್ಲಿ ವಾಪಸು ಪಡೆಯಬೇಕಾಯಿತು. ಸಮಾನತೆ ಎಲ್ಲಿಯವರೆಗೆ ಎಂದರೆ ಯುರೋಪಿನವರ ಕಣ್ಣಿಗೆ ಬೀಳುವವರೆಗೆ.

ರಾತ್ರಿ ಬೆಲ್ಜಿಯಂನ ಈಪ್ರ ಸೇರುವ ತನಕ ಇಬ್ಬರೂ ಹೆಚ್ಚು ಮಾತಾಡಲಿಲ್ಲ. ಅಳಿಯ ನಡುವೆ ಒಮ್ಮೆ ದಾರಿ ತಪ್ಪಿದ.

ಭಾನುವಾರ, ಪೋಪರಿಂಗ ಮತ್ತು ಈಪ್ರ

ಪೋಪರಿಂಗ ಬೆಲ್ಜಿಯಂನ ಪುಟ್ಟ ಪೇಟೆ; ಯುದ್ಧದ ಹೆಚ್ಚಿನ ಕಾಲ ಜರ್ಮನರ ಕೈಗೆ ಸಿಗದೆ ಬ್ರಿಟಿಷ್ ಸಿಪಾಯಿಗೆ ಸ್ವರ್ಗವಾಗಿತ್ತು. ಇಲ್ಲಿ ಮೊಟ್ಟೆ, ಚಿಪ್ಸ್, ಅಗ್ಗದ ವೈನ್ ಸಿಗುತ್ತಿತ್ತು. 1915ರ ಡಿಸೆಂಬರಿನಲ್ಲಿ ಪಾದ್ರಿ ಟಬ್ಬಿ ಕ್ಲೇಟನ್ ತೆರೆದ ಟಾಲ್ಬಟ್ ಹೌಸ್ ಇನ್ನೂ ಇದೆ, ಇನ್ನೂ ಚಹಾ ಕೊಡುತ್ತಾರೆ. ಒಳಗೆ ಬರುವವರು ದರ್ಜೆಯನ್ನು ಹೊರಗೆ ಬಿಟ್ಟು ಬರಬೇಕು ಎಂಬುದು ಮನೆಯ ಕಟ್ಟಳೆ. ಅಟ್ಟದ ಪ್ರಾರ್ಥನಾ ಕೋಣೆಯಲ್ಲಿ ಬಡಗಿಯ ಹಲಗೆ ಮೇಜೇ ಪೀಠ. ಈ ಇಡೀ ದಾರಿಯಲ್ಲಿ ಸಿಪಾಯಿ ಬದುಕಿರುವಾಗಲೇ ಸಮಾನನಾಗಿ ಕೂತದ್ದನ್ನು ನೋಡಿದ್ದು ಈ ಮನೆಯಲ್ಲಿ ಮಾತ್ರ.

ಅಲ್ಲಿಂದ ನಾಲ್ಕು ಹೆಜ್ಜೆಗೆ ಪುರಭವನ. ಅದರ ಅಂಗಳದಲ್ಲಿ ಮರಣದಂಡನೆಯ ಮರದ ಕಂಬವೊಂದು, ಪಕ್ಕದಲ್ಲಿ ಕತ್ತಲೆ ಕೋಣೆಗಳು. ಓಡಿಹೋದವರು, ಹೆದರಿ ಕೂತವರು ಕೊನೆಯ ರಾತ್ರಿ ಕಳೆದ ಜಾಗ. ಬ್ರಿಟಿಷ್ ಸೈನ್ಯ ಮೂರು ಸಾವಿರಕ್ಕೂ ಹೆಚ್ಚು ಮರಣದಂಡನೆ ವಿಧಿಸಿ, 346 ಜನರನ್ನು ಗುಂಡಿಟ್ಟು ಕೊಂದಿತು. ಅವರಲ್ಲಿ ಅಧಿಕಾರಿಗಳು ಮೂವರು. ಕೆಟ್ಟ ನರಗಳಿಗೆ ಅಧಿಕಾರಿಯಾದರೆ ಆಸ್ಪತ್ರೆ ಸಿಗುವ ಸಂಭವ ಹೆಚ್ಚು, ಸಿಪಾಯಿಯಾದರೆ ಕಂಬ. 306 ಜನರಿಗೆ 2006ರಲ್ಲಿ ಕ್ಷಮೆ ಕೊಟ್ಟರು.

ಮಧ್ಯಾಹ್ನ ಲೈಸೆಂಟ್‌ಹುಕ್ ಸಮಾಧಿ ತೋಟ. ಗಾಯಾಳುಗಳ ಶಿಬಿರಗಳ ಪಕ್ಕದಲ್ಲಿ ಬೆಳೆದ ಇದರಲ್ಲಿ 10,000ಕ್ಕೂ ಹೆಚ್ಚು ಸಮಾಧಿಗಳಿವೆ. ಗಾಯಗೊಂಡವನ ಪ್ರಯಾಣಕ್ಕೆ ಕ್ರಮವಿತ್ತು: ಡೋಲಿಯವರ ಹೆಗಲು, ಕಂದಕದ ಹಿಂದಿನ ಪ್ರಥಮ ಚಿಕಿತ್ಸೆಯ ಗೂಡು, ಗಾಡಿ, ಈ ಶಿಬಿರ, ಗಟ್ಟಿಯಿದ್ದರೆ ರೈಲು, ಸಮುದ್ರ, ಊರು. ಇಲ್ಲಿಯವರೆಗೆ ಬಂದು ಮುಂದೆ ಹೋಗದವರು ಇಲ್ಲಿದ್ದಾರೆ. ಸತ್ತಾಗ ಅವರ ಹೆಸರು ಗೊತ್ತಿತ್ತು, ಯಾರೋ ಮೈ ಒರೆಸಿದ್ದರು. ಹೀಗಾಗಿ ಹೆಸರಿಲ್ಲದ ಕಲ್ಲು ಬಲು ಕಡಿಮೆ. ಸೆರ್‌ನಲ್ಲಿ ಬಿದ್ದವರಿಗಿಂತ ಇವರು ಪುಣ್ಯವಂತರು ಎನ್ನುವ ಮಾತು ನಾಲಗೆ ತುದಿಗೆ ಬಂತು. ಎಂಥ ಅಳತೆಗೋಲು ನನ್ನದಾಗಿಬಿಟ್ಟಿತ್ತು ಇಷ್ಟರಲ್ಲಿ!

ರಾತ್ರಿ ಎಂಟಕ್ಕೆ ಈಪ್ರದ ಮೆನಿನ್ ಗೇಟ್ ಸ್ಮಾರಕ. 54,000ಕ್ಕೂ ಹೆಚ್ಚು ಹೆಸರುಗಳ ಕಮಾನಿನಡಿ ವಾಹನ ನಿಲ್ಲಿಸಿ ಕಹಳೆ ಊದುತ್ತಾರೆ. 1928ರಿಂದ, ಎರಡನೇ ಯುದ್ಧದ ಜರ್ಮನ್ ಆಳ್ವಿಕೆಯ ವರ್ಷಗಳನ್ನು ಬಿಟ್ಟರೆ, ಪ್ರತಿ ರಾತ್ರಿ. ಜನಜಂಗುಳಿ, ಎತ್ತಿದ ಮೊಬೈಲುಗಳು. ನನಗೆ ನಿರೀಕ್ಷಿಸಿದಷ್ಟು ತಟ್ಟಲಿಲ್ಲ. ಅಳಿಯನ ಕಣ್ಣು ಒದ್ದೆಯಾಗಿತ್ತು.

ಮತ್ತೆ ಸೋಮವಾರ, ಆರಾಸಿನ ಬಳಿ ಬೋರ್ಯಾಂ

ಕಾರು ಹಿಂದಿರುಗಿಸುವ ಮೊದಲು ಕಮಿಷನ್ನಿನ ಕಾರ್ಯಾಗಾರ ನೋಡಿದೆವು. ಸವೆದ ಸಮಾಧಿ ಕಲ್ಲುಗಳ ಬದಲಿಗೆ ಹೊಸವನ್ನು ಕೆತ್ತುವವರು, ಕಮ್ಮಾರರು, ಬಡಗಿಗಳು ಕಿಟಕಿಯಾಚೆ ಕೆಲಸ ಮಾಡುವುದನ್ನು ನೋಡಬಹುದು. ಹೊಲ ಉಳುವಾಗ, ರಸ್ತೆ, ಪಾಯ ತೋಡುವಾಗ ಸಿಗುವ ಸೈನಿಕರ ಮೂಳೆಗಳನ್ನು ಎತ್ತಿ ತರುವ ತಂಡ ಇರುವುದೂ ಇಲ್ಲೇ. ನೂರು ವರ್ಷ ದಾಟಿದರೂ ಪ್ರತಿ ವರ್ಷ ಸಿಗುತ್ತಲೇ ಇದ್ದಾರೆ.

ಗುರುತು ಹಿಡಿಯುವ ಬಗೆಯಲ್ಲೂ ಹಳೆಯ ಭೇದ ಇಣುಕುತ್ತದೆ. ಅಧಿಕಾರಿಗಳು ಬಟ್ಟೆ ಬೂಟುಗಳನ್ನು ತಮ್ಮ ದುಡ್ಡಿನಲ್ಲಿ ಹೊಲಿಸಿಕೊಳ್ಳುತ್ತಿದ್ದರು. ಬಟ್ಟೆ ಬೇರೆ, ಗುಂಡಿ ಬೇರೆ. ಸಿಪಾಯಿಯದು ಲಕ್ಷಾಂತರ ಜನರಿಗೆ ಕೊಟ್ಟ ಒಂದೇ ಮಾದರಿಯ ಬೂಟು. ಭುಜದ ಹಿತ್ತಾಳೆ ಅಕ್ಷರಗಳಿಂದ ರೆಜಿಮೆಂಟು ತಿಳಿದೀತು. ಆಗ ಕೊಡುತ್ತಿದ್ದ ಬಿಲ್ಲೆಗಳಲ್ಲಿ ಹೆಚ್ಚಿನವು ಒತ್ತಿದ ನಾರಿನ ಹಲಗೆಯವು. ಒದ್ದೆ ಮಣ್ಣಿನಲ್ಲಿ ಕರಗಿಹೋಗುತ್ತವೆ. ಕರಗದೆ ಉಳಿಯುವುದು ಚಮಚ. ಊಟದ ಚಮಚವನ್ನು ಸಿಪಾಯಿ ಕಾಲಿಗೆ ಸುತ್ತಿದ ಪಟ್ಟಿಯೊಳಗೆ ಸಿಕ್ಕಿಸಿಕೊಳ್ಳುತ್ತಿದ್ದ, ಪಕ್ಕದವನು ಕದಿಯದಿರಲೆಂದು ಹಿಡಿಯ ಮೇಲೆ ತನ್ನ ಸೇವಾ ನಂಬರು ಕೊರೆದುಕೊಳ್ಳುತ್ತಿದ್ದ.

ನಂಬರು ಸಿಕ್ಕರೆ ಪದಕಗಳ ಪಟ್ಟಿಯಲ್ಲಿ ಹೆಸರು ಹುಡುಕುತ್ತಾರೆ, ಮನೆತನದವರನ್ನು ಹುಡುಕುತ್ತಾರೆ, ಡಿಎನ್‌ಎ ಹೋಲಿಸುತ್ತಾರೆ. ಹೊಂದಿದರೆ ರೆಜಿಮೆಂಟಿನವರು ಹೆಗಲು ಕೊಟ್ಟು ಮಣ್ಣು ಮಾಡುತ್ತಾರೆ, ಹೆಸರಿನ ಕಲ್ಲು ನೆಡುತ್ತಾರೆ. ಮುಂದೆ ಥಿಯೆಪ್ವಾಲಿನ ಗೋಡೆಯಿಂದ ಆ ಹೆಸರನ್ನು ತೆಗೆಯುತ್ತಾರೆ, ಯಾಕೆಂದರೆ ಅವನು ಈಗ ಸಮಾಧಿ ಇಲ್ಲದವನಲ್ಲ.

"ಕಲ್ಲಿನ ಬುಡದ ಸಾಲಿಗೆ ಈಗಲೂ ಅಕ್ಷರಕ್ಕೆ ಇಷ್ಟು ಅಂತ ಕೇಳ್ತಾರಾ ಮಾಮ?" ಅಂದ ಅಳಿಯ, ಕಾರಿನ ಬೀಗದ ಕೈ ಹುಡುಕುತ್ತ.

ಇಲ್ಲವಂತೆ, ಎಂದೆ.